ಹತ್ತೊಂಬತ್ತು ಮತ್ತು ನಲವತ್ತೊಂದು

ಗಣಿತದಲ್ಲಿ ಒಂದು ವಿಚಿತ್ರವುಂಟು. ಅನಂತ ಸಂಖ್ಯೆಗಳ ದಂಡನ್ನೇ ಕೆಲವೊಮ್ಮೆ ಒಂದೇ ಯುಕ್ತಿಯಿಂದ ಗೆದ್ದುಬಿಡಬಹುದು. ಆದರೆ ಹಿಂದೆ ಉಳಿದ ನಾಲ್ಕಾರು ಪುಟ್ಟ ಸಂಖ್ಯೆಗಳು ದಶಕಗಟ್ಟಲೆ ಸತಾಯಿಸುತ್ತವೆ. 2023ರ ಜುಲೈ ತಿಂಗಳಲ್ಲಿ ಇಂಥದೊಂದು ಸತಾವಣೆ ಕೊನೆಗೊಂಡಿತು. 1970ರಲ್ಲಿ ಆರಂಭವಾದ ಒಂದು ಹುಡುಕಾಟದಲ್ಲಿ ಕಟ್ಟಕಡೆಗೆ ಉಳಿದುಕೊಂಡಿದ್ದ ಸಂಖ್ಯೆಗಳು ಎರಡೇ: 19 ಮತ್ತು 41. ಐವತ್ತಮೂರು ವರ್ಷಗಳ ಈ ಹುಡುಕಾಟಕ್ಕೆ ಯಾವ ಸರ್ಕಾರವೂ ಹಣ ಕೊಡಲಿಲ್ಲ, ಯಾವ ಬಹುಮಾನವೂ ಇರಲಿಲ್ಲ. ಹುಡುಕಿದವರಲ್ಲಿ ಹೆಚ್ಚಿನವರು ಹವ್ಯಾಸಿಗಳು. ಮೂರು ದಶಕಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ನನಗೆ ಈ ಇತಿಹಾಸ ಬಹಳ ಹಿಡಿಸಿತು. ಇದನ್ನು ಅರಿಯಲು ಎಂಟನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲವೆಂಬುದು ಅದಕ್ಕೊಂದು ಕಾರಣ.

ಮೊದಲು ಆಟದ ಪರಿಚಯ. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಗಣಿತದ ಅಧ್ಯಾಪಕರಾಗಿದ್ದ ಜಾನ್ ಹಾರ್ಟನ್ ಕಾನ್ವೇ ಅವರು ರೂಪಿಸಿದ ಈ ಆಟಕ್ಕೆ ‘ಗೇಮ್ ಆಫ್ ಲೈಫ್’ ಎಂದು ಹೆಸರು. ನಾವು ಜೀವದಾಟ ಎನ್ನೋಣ. ಆಟವೆಂದರೂ ಆಡುವವರಿಲ್ಲ, ಸೋಲು ಗೆಲುವುಗಳಿಲ್ಲ. ನಾಲ್ಕೂ ದಿಕ್ಕಿಗೆ ಕೊನೆಯಿಲ್ಲದೆ ಹರಡಿದ ಚೌಕುಳಿ ಹಾಸು. ಪ್ರತಿಯೊಂದು ಚೌಕವೂ ಒಂದು ಮನೆ. ಮನೆ ಜೀವಂತವಾಗಿರಬಹುದು, ಇಲ್ಲವೆ ಖಾಲಿಯಾಗಿರಬಹುದು. ಚದುರಂಗದ ರಾಜನಿಗೆ ಹೇಗೋ ಹಾಗೆ ಪ್ರತಿ ಮನೆಗೂ ಸುತ್ತ ಎಂಟು ನೆರೆಮನೆಗಳು. ನಿಯಮಗಳು ಎರಡೇ. ಜೀವಂತ ಮನೆಗೆ ಎರಡು ಅಥವಾ ಮೂರು ಜೀವಂತ ನೆರೆಯವರಿದ್ದರೆ ಅದು ಮುಂದಿನ ತಲೆಮಾರಿಗೆ ಉಳಿಯುತ್ತದೆ. ಕಡಿಮೆಯಿದ್ದರೆ ಒಂಟಿತನದಿಂದಲೂ ಹೆಚ್ಚಾದರೆ ನೂಕುನುಗ್ಗಲಿನಿಂದಲೂ ಸಾಯುತ್ತದೆ. ಖಾಲಿ ಮನೆಗೆ ಸರಿಯಾಗಿ ಮೂರು ಜೀವಂತ ನೆರೆಯವರಿದ್ದರೆ ಅಲ್ಲಿ ಹೊಸ ಜೀವ ಹುಟ್ಟುತ್ತದೆ. ಎಲ್ಲ ಮನೆಗಳ ತೀರ್ಪೂ ಏಕಕಾಲಕ್ಕೆ ಜಾರಿಯಾಗಬೇಕು. ಇಷ್ಟೇ.

ಓದುಗರು ಬೇಕಾದರೆ ಗ್ರಾಫ್ ಹಾಳೆಯ ಮೇಲೆ ಹುಣಸೆಬೀಜಗಳನ್ನಿಟ್ಟು ನೋಡಬಹುದು. ಹುಟ್ಟುವ ಮನೆಗಳಲ್ಲಿ ಮೊದಲು ಅವರೆಕಾಳನ್ನಿಟ್ಟು, ಸಾಯುವ ಬೀಜಗಳನ್ನು ಆಮೇಲೆ ತೆಗೆದರೆ ಗೊಂದಲವಾಗುವುದಿಲ್ಲ. ಸಾಲಾಗಿ ಅಕ್ಕಪಕ್ಕ ಮೂರು ಬೀಜಗಳನ್ನಿಡಿ. ನಡುವಿನದಕ್ಕೆ ಇಬ್ಬರು ನೆರೆಯವರು, ಅದು ಉಳಿಯುತ್ತದೆ. ತುದಿಯ ಎರಡಕ್ಕೂ ಒಬ್ಬೊಬ್ಬರೇ, ಅವು ಸಾಯುತ್ತವೆ. ನಡುವಿನದರ ಮೇಲಿನ ಮತ್ತು ಕೆಳಗಿನ ಖಾಲಿ ಮನೆಗಳಿಗೆ ಮೂರು ಮೂರು ನೆರೆಯವರು, ಅಲ್ಲಿ ಹೊಸ ಜೀವ. ಅಡ್ಡಸಾಲು ಕಂಬಸಾಲಾಯಿತು! ಮತ್ತೊಂದು ತಲೆಮಾರು ಕಳೆದರೆ ಕಂಬಸಾಲು ಮತ್ತೆ ಅಡ್ಡಸಾಲು. ಹೀಗೆ ಕೊನೆಯಿಲ್ಲದೆ ಮಿಟುಕಿಸುತ್ತಿರುವ ಈ ಆಕೃತಿಯ ಹೆಸರು ‘ಬ್ಲಿಂಕರ್’. ಗಡಿಯಾರದ ಲೋಲಕದಂತೆ ನಿಯತಕಾಲಕ್ಕೆ ಮೊದಲಿನ ಸ್ಥಿತಿಗೆ ಅದೇ ಜಾಗದಲ್ಲಿ ಮರಳುವ ಆಕೃತಿಗೆ ಆಂದೋಲಕವೆಂದು ಹೆಸರು. ಮರಳಲು ತಗಲುವ ತಲೆಮಾರುಗಳ ಸಂಖ್ಯೆಯೇ ಅದರ ಆವರ್ತ. ಬ್ಲಿಂಕರಿನ ಆವರ್ತ 2. ಅಲುಗಾಡದೆ ಇರುವ ಸ್ಥಿರ ಆಕೃತಿಗಳ ಆವರ್ತ 1 ಎಂದು ಲೆಕ್ಕ. ನಾಲ್ಕು ಬೀಜಗಳನ್ನು ಎರಡೆರಡರಂತೆ ಚೌಕವಾಗಿ ಇಟ್ಟರೆ ಅಂಥದೊಂದು ಸಿಗುತ್ತದೆ.

ಇಂಥ ಚೌಕುಳಿ ಲೋಕಗಳಿಗೆ ‘ಸೆಲ್ಯುಲರ್ ಆಟೊಮೇಟಾ’ ಎಂದು ಹೆಸರು. ಇವುಗಳ ಕಲ್ಪನೆ ಕಾನ್ವೇಯವರದಲ್ಲ. 1940ರ ದಶಕದಲ್ಲಿ ಜಾನ್ ಫಾನ್ ನಾಯ್ಮನ್ ಅವರು ತನ್ನ ಪ್ರತಿಯನ್ನು ತಾನೇ ಕಟ್ಟಿಕೊಳ್ಳಬಲ್ಲ ಯಂತ್ರವೊಂದು ತಾತ್ತ್ವಿಕವಾಗಿ ಸಾಧ್ಯವೇ ಎಂದು ಚಿಂತಿಸುತ್ತಿದ್ದಾಗ ಅವರ ಮಿತ್ರ ಸ್ಟಾನಿಸ್ಲಾವ್ ಉಲಾಮ್ ಚೌಕುಳಿಯ ಉಪಾಯ ಸೂಚಿಸಿದರು. ನಾಯ್ಮನ್ನರ ಲೋಕದಲ್ಲಿ ಒಂದೊಂದು ಮನೆಗೆ 29 ಸ್ಥಿತಿಗಳು. ಕಾನ್ವೇ ಅದನ್ನು ಎರಡಕ್ಕೆ ಇಳಿಸಿದರು. ಅವರೂ ಅವರ ಸಂಗಡಿಗರೂ ನಿಯಮಗಳನ್ನು ಮತ್ತೆ ಮತ್ತೆ ಬದಲಿಸಿ ಪರೀಕ್ಷಿಸಿದರು. ಕೆಲವು ನಿಯಮಗಳಲ್ಲಿ ಎಲ್ಲವೂ ಬೇಗನೆ ಸತ್ತುಹೋಗುತ್ತಿತ್ತು, ಕೆಲವುಗಳಲ್ಲಿ ಕಾಳ್ಗಿಚ್ಚಿನಂತೆ ಹಬ್ಬುತ್ತಿತ್ತು. ಎರಡಕ್ಕೂ ನಡುವೆ, ಏನಾಗುವುದೆಂದು ಮುಂಗಾಣಲು ಬಾರದ ನಿಯಮ ಅವರಿಗೆ ಬೇಕಾಗಿತ್ತು. ಬಿಡುವಿನ ಸಮಯದಲ್ಲಿ ‘ಗೋ’ ಆಟದ ಹಲಗೆ ಮತ್ತು ಕಾಯಿಗಳನ್ನು ಬಳಸಿಯೇ ಬಹಳಷ್ಟು ಕೆಲಸ ನಡೆಯಿತು.

ಆ ಬಳಗದಲ್ಲಿದ್ದ ಸೈಮನ್ ನಾರ್ಟನ್ ಎಂಬ ತರುಣನ ಬಗ್ಗೆ ಒಂದು ಮಾತು ಹೇಳಬೇಕು. ಆರು ಬೀಜಗಳ ‘ಟೋಡ್’ ಅಂದರೆ ನೆಲಗಪ್ಪೆ (ಆವರ್ತ 2), ಇಂಗ್ಲಿಷಿನ ಎಂಟರ ಅಂಕಿಯನ್ನೇ ಹೋಲುವ, ಆವರ್ತವೂ 8 ಆಗಿರುವ ‘ಫಿಗರ್ ಎಯ್ಟ್’ ಮುಂತಾದವು 1970ರಲ್ಲಿ ಆತ ಕಂಡುಹಿಡಿದವು. ಈತನೇ ಮುಂದೆ ಕಾನ್ವೇ ಜೊತೆಗೂಡಿ 1979ರಲ್ಲಿ ‘ಮಾನ್‌ಸ್ಟ್ರಸ್ ಮೂನ್‌ಶೈನ್’ ಎಂಬ ಪ್ರಸಿದ್ಧ ಗಣಿತ ಪ್ರಬಂಧ ಬರೆದರು. ನಾರ್ಟನ್ನರಿಗೆ ಜೀವಮಾನವಿಡೀ ಇದ್ದ ಮತ್ತೊಂದು ಹುಚ್ಚೆಂದರೆ ಸಾರ್ವಜನಿಕ ಬಸ್ಸುಗಳು! ಬಸ್ಸು ರೈಲುಗಳ ವೇಳಾಪಟ್ಟಿಯಲ್ಲಿ ಮುಳುಗಿರುತ್ತಿದ್ದ ಮನುಷ್ಯನಿಗೆ ಆವರ್ತಗಳು ಒಲಿದದ್ದರಲ್ಲಿ ಆಶ್ಚರ್ಯವಿಲ್ಲವೆಂದು ನನಗೆ ತೋರುತ್ತದೆ.

ಕಾನ್ವೇಯವರ ಪಾಲಿಗೂ ಆಂದೋಲಕಗಳು ಸಿಕ್ಕಿದವು. ಹೂವಿನಂತೆ ಅರಳಿ ಮುದುಡುವ ‘ಪಲ್ಸರ್’ ಎಂಬುದರ ಆವರ್ತ 3. ಹತ್ತು ಬೀಜಗಳನ್ನು ಒಂದೇ ಸಾಲಿನಲ್ಲಿಟ್ಟು ಬಿಟ್ಟರೆ ಅದು ಕೆಲವು ತಲೆಮಾರುಗಳಲ್ಲಿ ‘ಪೆಂಟಾಡೆಕಾಥ್ಲಾನ್’ ಎಂಬ ಆಂದೋಲಕವಾಗಿ ನಿಲ್ಲುತ್ತದೆ, ಆವರ್ತ 15. ಹತ್ತು ಬೀಜಗಳ ನೇರ ಸಾಲಿನ ಹೊಟ್ಟೆಯಲ್ಲಿ ಹದಿನೈದರ ತಾಳ ಅಡಗಿದೆಯೆಂದು ಯಾರು ಊಹಿಸಿಯಾರು? ಇದೇ ದಿನಗಳಲ್ಲಿ, ಐದೇ ಬೀಜಗಳ ‘ಆರ್-ಪೆಂಟೊಮಿನೊ’ ಎಂಬ ಆಕೃತಿ ಎಲ್ಲಿಗೆ ಮುಟ್ಟುವುದೆಂದು ಕೈಯಿಂದಲೇ ಬೆನ್ನಟ್ಟಿ ನೋಡುತ್ತಿದ್ದ ರಿಚರ್ಡ್ ಗೈ ಅವರ ಕಣ್ಣಿಗೆ, ಅದರಿಂದ ಸಿಡಿದ ಒಂದು ತುಣುಕು ಓರೆಯಾಗಿ ನಡೆದುಕೊಂಡು ಹೋಗುವುದು ಬಿತ್ತು. ಇದೇ ‘ಗ್ಲೈಡರ್’. ನಾಲ್ಕು ತಲೆಮಾರುಗಳಿಗೊಮ್ಮೆ ಕರ್ಣದ ದಿಕ್ಕಿನಲ್ಲಿ ಒಂದು ಮನೆಯಷ್ಟು ಸರಿಯುತ್ತದೆ. ಅದು ಆಂದೋಲಕವಲ್ಲ, ಪ್ರಯಾಣಿಕ. ಆದರೆ ಮುಂದೆ ಆಂದೋಲಕಗಳ ಕಥೆಗೆ ಇದೇ ಆಧಾರವಾಯಿತು.

1970ರ ಅಕ್ಟೋಬರಿನಲ್ಲಿ ಮಾರ್ಟಿನ್ ಗಾರ್ಡ್ನರ್ ಅವರು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಗಣಿತ ವಿನೋದ ಅಂಕಣದಲ್ಲಿ ಈ ಆಟವನ್ನು ಪ್ರಕಟಿಸಿದರು. ಮಿತಿಯಿಲ್ಲದೆ ಬೆಳೆಯುವ ಆಕೃತಿಯುಂಟೇ ಎಂಬ ಪ್ರಶ್ನೆಗೆ ಕಾನ್ವೇ 50 ಡಾಲರುಗಳ ಪಣವನ್ನೂ ಇಟ್ಟಿದ್ದರು. ಮರುತಿಂಗಳೇ ಅಮೆರಿಕದ ಎಂ.ಐ.ಟಿ.ಯ ಬಿಲ್ ಗಾಸ್ಪರ್ ಮತ್ತು ಸಂಗಡಿಗರು ಪಣ ಗೆದ್ದರು. ಅವರ ‘ಗ್ಲೈಡರ್ ಗನ್’ 30 ತಲೆಮಾರುಗಳಿಗೊಮ್ಮೆ ಒಂದು ಗ್ಲೈಡರನ್ನು ಉಗುಳುತ್ತಲೇ ಇರುತ್ತದೆ. ಇದರ ಹೃದಯದಲ್ಲಿರುವುದು ‘ಕ್ವೀನ್ ಬೀ ಷಟಲ್’. ನಮ್ಮ ಮಾತಿನಲ್ಲಿ ರಾಣಿಜೇನಿನ ಲಾಳಿ. ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಓಡಾಡುವ ಆಕೃತಿಯಿದು. ಎರಡೂ ತುದಿಗಳಲ್ಲಿ ನಾಲ್ಕು ಬೀಜಗಳ ಚೌಕಗಳನ್ನು ಕಾವಲಿಟ್ಟರೆ ಅದೇ ಆವರ್ತ 30ರ ಆಂದೋಲಕ. ಬಹುಮಾನದ ಸುದ್ದಿ ಇಲ್ಲಿಗೆ ಮುಗಿಯಿತು. ಆಂದೋಲಕಗಳಿಗಾಗಿ ಯಾರೂ ಪಣವಿಡಲಿಲ್ಲ.

ಆದರೂ ಪ್ರಶ್ನೆ ತಾನಾಗಿಯೇ ಎದ್ದಿತು. 1, 2, 3, 8, 15, 30 ಇವೆಯಲ್ಲ, ಉಳಿದವು? ಒಂದರಿಂದ ಮೊದಲ್ಗೊಂಡು ಪ್ರತಿಯೊಂದು ಸ್ವಾಭಾವಿಕ ಸಂಖ್ಯೆಗೂ ಅಷ್ಟೇ ಆವರ್ತದ ಆಂದೋಲಕವುಂಟೇ? ಹಾಗಿರುವ ಲೋಕವನ್ನು ‘ಸರ್ವಾವರ್ತಿ’ ಎನ್ನೋಣ. ಜೀವದಾಟ ಸರ್ವಾವರ್ತಿಯೇ?

ಇಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಪರಿಚಿತ ಲೆಕ್ಕ ನೆನಪಾದೀತು. ಮೂರು ಗಂಟೆಗಳು ಇಂತಿಷ್ಟು ನಿಮಿಷಗಳಿಗೊಮ್ಮೆ ಬಾರಿಸುತ್ತವೆ, ಎಲ್ಲವೂ ಮತ್ತೆ ಒಟ್ಟಿಗೆ ಬಾರಿಸುವುದು ಯಾವಾಗ? ಲಘುತಮ ಸಾಮಾನ್ಯ ಅಪವರ್ತ್ಯ! ಆವರ್ತ 3ರ ಪಲ್ಸರನ್ನೂ ಆವರ್ತ 8ರ ಫಿಗರ್ ಎಯ್ಟನ್ನೂ ದೂರದೂರ ಇಟ್ಟರೆ ಇಡೀ ಹಾಸು 24 ತಲೆಮಾರುಗಳಿಗೊಮ್ಮೆ ಮೊದಲಿನ ಸ್ಥಿತಿಗೆ ಬರುತ್ತದೆ. ಹಾಗಾದರೆ 24 ಸಿಕ್ಕಂತೆಯೇ? ಇಲ್ಲವೆಂದರು ಹುಡುಕುವವರು. ಅಲ್ಲಿ ಯಾವೊಂದು ಮನೆಯೂ 24ರ ತಾಳಕ್ಕೆ ಕುಣಿಯುತ್ತಿಲ್ಲ. ಕೆಲವು ಮೂರಕ್ಕೆ, ಕೆಲವು ಎಂಟಕ್ಕೆ. ಕನಿಷ್ಠ ಒಂದು ಮನೆಯಾದರೂ ಪೂರ್ಣ ಆವರ್ತವನ್ನು ತಾನೇ ಅನುಭವಿಸಬೇಕೆಂಬುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಪರೀಕ್ಷಕರಿಲ್ಲದ ಪರೀಕ್ಷೆಯಲ್ಲಿ ಅಡ್ಡದಾರಿಯ ಉತ್ತರಕ್ಕೆ ತಾವೇ ಸೊನ್ನೆ ಹಾಕಿಕೊಂಡವರನ್ನು ಏನೆನ್ನಬೇಕು? ಕೆಲವು ಸಂಯುಕ್ತ ಸಂಖ್ಯೆಗಳಲ್ಲಿ ಎರಡು ಆಂದೋಲಕಗಳನ್ನು ಪರಸ್ಪರ ಸೋಂಕುವಷ್ಟು ಹತ್ತಿರ ತಂದು ಈ ಕಟ್ಟಳೆಯನ್ನು ಪೂರೈಸಬಹುದು. ಅವಿಭಾಜ್ಯ ಸಂಖ್ಯೆಗಳಲ್ಲಿ ಆ ಆಸೆಯೂ ಇಲ್ಲ.

ಕಂಪ್ಯೂಟರಿಗೆ ಹೇಳಿ ಎಲ್ಲ ಆಕೃತಿಗಳನ್ನೂ ಒಂದೊಂದಾಗಿ ಪರೀಕ್ಷಿಸಿದರಾಗದೇ ಎಂದು ಕೇಳಬಹುದು. ಉದ್ದಗಲ 20 ಮನೆಗಳ ಒಂದು ಸಣ್ಣ ಚೌಕವನ್ನೇ ತೆಗೆದುಕೊಳ್ಳಿ. ಅದರಲ್ಲಿ 400 ಮನೆಗಳು. ಸಾಧ್ಯವಿರುವ ಆಕೃತಿಗಳು 2ರ 400ನೆಯ ಘಾತದಷ್ಟು. ಅದು 121 ಅಂಕಿಗಳ ಸಂಖ್ಯೆ. ಜಗತ್ತಿನ ಯಂತ್ರಗಳೆಲ್ಲ ಸೇರಿದರೂ ಮುಗಿಯುವ ಮಾತಲ್ಲ. ಆದುದರಿಂದ ಜಾಣ್ಮೆ ಬೇಕಾಯಿತು. 1989ರಲ್ಲಿ ಅಮೆರಿಕದ ಡೀನ್ ಹಿಕರ್‌ಸನ್ ಅವರು ಬರೆದ ಪ್ರೋಗ್ರಾಮು ಈ ದಾರಿಯಲ್ಲಿ ದೊಡ್ಡ ಹೆಜ್ಜೆ. ಇಂಥ ಪ್ರೋಗ್ರಾಮುಗಳು ಸುಡೊಕು ಬಿಡಿಸುವ ರೀತಿಯಲ್ಲಿ ಕೆಲಸ ಮಾಡುತ್ತವೆ. ‘ಇಷ್ಟು ತಲೆಮಾರುಗಳ ಬಳಿಕ ಮೊದಲಿನಂತಾಗಬೇಕು’ ಎಂಬ ಷರತ್ತು ಹಾಕಿ ಮನೆಗಳನ್ನು ಒಂದೊಂದಾಗಿ ತುಂಬುತ್ತ ಹೋಗುವುದು, ವಿರೋಧ ಬಂದೊಡನೆ ಹಿಂದಕ್ಕೆ ಸರಿದು ಬೇರೆ ದಾರಿ ಹಿಡಿಯುವುದು. ಆವರ್ತ ಮೂರು ನಾಲ್ಕು ಇದ್ದಾಗ ಈ ವಿಧಾನ ರಾಶಿರಾಶಿ ಫಲ ಕೊಟ್ಟಿತು. ಆವರ್ತ ಏರಿದಂತೆ ನೆನಪಿಡಬೇಕಾದ ತಲೆಮಾರುಗಳು ಹೆಚ್ಚಿ, ಹುಡುಕಾಟದ ಭಾರ ಬೆಟ್ಟವಾಗುತ್ತದೆ. ಹತ್ತು ದಾಟುವುದರೊಳಗೆ ಏದುಸಿರು.

ಇನ್ನೊಂದು ತುದಿಯಿಂದ ಹೊರಟವರು ಡೇವ್ ಬಕಿಂಗ್‌ಹ್ಯಾಮ್. 1970ರ ದಶಕದಿಂದಲೇ ಜೀವದಾಟದಲ್ಲಿ ನುರಿತಿದ್ದ ಇವರು ‘ಹರ್ಷೆಲ್’ ಎಂಬ ಆಕೃತಿಯನ್ನು ಪಳಗಿಸಿದರು. ಯುರೇನಸ್ ಗ್ರಹದ ಹರ್ಷೆಲ್ ಚಿಹ್ನೆಯನ್ನು ಹೋಲುವುದರಿಂದ ಅದಕ್ಕೆ ಆ ಹೆಸರು. ಅದನ್ನು ತನ್ನ ಪಾಡಿಗೆ ಬಿಟ್ಟರೆ ಸುತ್ತಲೂ ಕಸ ಚೆಲ್ಲಿ ಹಾಳಾಗುತ್ತದೆ. ಆದರೆ ದಾರಿಯ ಬದಿಯಲ್ಲಿ ಕೆಲವು ಸ್ಥಿರ ಆಕೃತಿಗಳನ್ನು ಲೆಕ್ಕಹಾಕಿ ನಿಲ್ಲಿಸಿದರೆ, ಅವು ಹರ್ಷೆಲ್ಲಿನ ಕಸವನ್ನು ನುಂಗಿ, ತಾವು ಮೊದಲಿನಂತೆಯೇ ಉಳಿದು, ಅದನ್ನು ಮುಂದಿನ ನಿಲ್ದಾಣದಲ್ಲಿ ಮತ್ತೆ ಹರ್ಷೆಲ್ಲಾಗಿಯೇ ಎಬ್ಬಿಸುತ್ತವೆ. ರಸಾಯನಶಾಸ್ತ್ರದಲ್ಲಿ ನಾವು ವೇಗವರ್ಧಕವೆಂದು ಓದುತ್ತೇವಲ್ಲ, ಕ್ರಿಯೆಯಲ್ಲಿ ಪಾಲ್ಗೊಂಡೂ ಕೊನೆಗೆ ಬದಲಾಗದೆ ಉಳಿಯುವ ವಸ್ತು, ಇವಕ್ಕೂ ಅದೇ ಹೆಸರಿದೆ. ಇಂಥ ನಿಲ್ದಾಣಗಳನ್ನು ಜೋಡಿಸಿ ಮುಚ್ಚಿದ ರೈಲುದಾರಿ ಕಟ್ಟಿ, ಅದರಲ್ಲಿ ಸಮಾನ ಅಂತರದಲ್ಲಿ ಹಲವು ಹರ್ಷೆಲ್ಲುಗಳನ್ನು ಓಡಿಸಿದರೆ, ಒಂದು ನಿಂತ ಜಾಗಕ್ಕೆ ಇನ್ನೊಂದು ಬರಲು ಎಷ್ಟು ಹೊತ್ತೋ ಅಷ್ಟೇ ಆವರ್ತ. ದಾರಿಯ ಉದ್ದವನ್ನೂ ಬಂಡಿಗಳ ಸಂಖ್ಯೆಯನ್ನೂ ಹೊಂದಿಸಿದರೆ ಬೇಕಾದ ಆವರ್ತ ಸಿದ್ಧ. 1996ರಲ್ಲಿ ಬಕಿಂಗ್‌ಹ್ಯಾಮ್ ಈ ಕೆಲಸವನ್ನು ಪ್ರಕಟಿಸಿದಾಗ 61 ಮತ್ತು ಅದಕ್ಕೆ ಮೇಲಿನ ಸಮಸ್ತ ಸಂಖ್ಯೆಗಳೂ ಒಮ್ಮೆಲೇ ಲೆಕ್ಕದಿಂದ ಇಳಿದವು! 61, 62, 1000, ಒಂದು ಕೋಟಿ, ಯಾವುದನ್ನು ಕೇಳಿದರೂ ಕಟ್ಟಿಕೊಡಬಹುದು. ಈ ಇತಿಹಾಸದಲ್ಲಿ ನನ್ನ ಮಟ್ಟಿಗೆ ಅತ್ಯಂತ ಸುಂದರವಾದ ಘಟ್ಟ ಇದು.

ಆದರೆ 61ರ ಕೆಳಗೆ? ಬಂಡಿಗಳನ್ನು ತೀರ ಒತ್ತೊತ್ತಾಗಿ ಓಡಿಸಿದರೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಹಿಂದಿನ ಬಂಡಿ ಬರುವಷ್ಟರಲ್ಲಿ ನಿಲ್ದಾಣ ಇನ್ನೂ ಸುಧಾರಿಸಿಕೊಂಡಿರುವುದಿಲ್ಲ. ಹೀಗೆ ಕೆಳಗಿನಿಂದ ಕಂಪ್ಯೂಟರಿನ ಹುಡುಕಾಟ ಮೇಲೇರಲಾರದು, ಮೇಲಿನಿಂದ ರೈಲುದಾರಿ ಕೆಳಗಿಳಿಯಲಾರದು. ನಡುವೆ ಸಿಕ್ಕಿಕೊಂಡ ಸಂಖ್ಯೆಗಳಿಗೆ ಸಾಮಾನ್ಯ ಸೂತ್ರವೇ ಇಲ್ಲ. ಒಂದೊಂದನ್ನೂ ಅದರದರ ಗುಣ ನೋಡಿ ಬೇಟೆಯಾಡಬೇಕು. ಹೊಸ ಸಹಸ್ರಮಾನ ಹುಟ್ಟುವ ಹೊತ್ತಿಗೆ ಹೀಗೆ ಬಾಕಿ ಉಳಿದಿದ್ದ ಆವರ್ತಗಳು ಹನ್ನೆರಡು.

ಹನ್ನೆರಡು! ಅನಂತದಲ್ಲಿ ಹನ್ನೆರಡು ಕಳೆದು ಉಳಿದುದೆಲ್ಲ ಕೈವಶ. ಲೌಕಿಕ ವ್ಯವಹಾರದಲ್ಲಾದರೆ ಇಷ್ಟು ಸಾಕೆಂದು ಲೆಕ್ಕ ಮುಚ್ಚುತ್ತಿದ್ದರು. ಈ ಹನ್ನೆರಡು ಮುಗಿಯಲು ಇಪ್ಪತ್ತಮೂರು ವರ್ಷ ಹಿಡಿಯಿತು.

27ನ್ನು 2002ರಲ್ಲಿ ಹಾರ್ವರ್ಡಿನ ಗಣಿತಜ್ಞ ನೋಮ್ ಎಲ್ಕೀಸ್ ಸಾಧಿಸಿದರು; ಚದುರಂಗದ ಸಮಸ್ಯೆಗಳ ರಚನೆಯಲ್ಲೂ ಅವರು ಹೆಸರಾದವರು. 37 ಸಿಕ್ಕಿದ್ದು 2009ರಲ್ಲಿ ನಿಕೊಲಾಯ್ ಬೆಲುಚೆಂಕೊ ಅವರಿಗೆ. 31 ಮರುವರ್ಷ ಮಥಿಯಾಸ್ ಮೆರ್ಜೆನಿಚ್ ಅವರಿಗೆ. 2013ರ ಏಪ್ರಿಲಿನಲ್ಲಿ ಮೈಕ್ ಪ್ಲೇಲ್ ಎಂಬವರು, ತಾವೇ ಬರೆದ ‘ಬೆಲ್‌ಮನ್’ ಎಂಬ ಪ್ರೋಗ್ರಾಮಿನ ನೆರವಿನಿಂದ ‘ಸ್ನಾರ್ಕ್’ ಎಂಬ ಕನ್ನಡಿಯನ್ನು ಕಂಡುಹಿಡಿದರು. ಲೂಯಿಸ್ ಕ್ಯಾರಲ್ಲರ ಕವನದಲ್ಲಿ ಬೆಲ್‌ಮನ್ನನ ತಂಡ ಬೇಟೆಗೆ ಹೊರಡುವುದು ಸ್ನಾರ್ಕ್ ಎಂಬ ಪ್ರಾಣಿಗಾಗಿ. ಹೆಸರುಗಳ ಮೂಲ ಅದು. ಈ ಕನ್ನಡಿಗೆ ಬಂದು ಬಡಿದ ಗ್ಲೈಡರ್ ಸಮಕೋನದಲ್ಲಿ ತಿರುಗಿ ಹೊರಡುತ್ತದೆ. ಕನ್ನಡಿ 43 ತಲೆಮಾರುಗಳೊಳಗೆ ಮುಂದಿನ ಗ್ಲೈಡರಿಗೆ ಸಿದ್ಧವಾಗಿರುತ್ತದೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಸ್ನಾರ್ಕುಗಳು, ನಡುವೆ ಕೇರಂ ಕಾಯಿಗಳಂತೆ ಸುತ್ತುವ ಗ್ಲೈಡರುಗಳು. ಬಕಿಂಗ್‌ಹ್ಯಾಮರ ರೈಲುದಾರಿಯದೇ ತತ್ತ್ವ, ಆದರೆ ಎಷ್ಟೋ ಸರಳ. ಆಗ ಬಾಕಿಯಿದ್ದ 43 ಮತ್ತು 53 ಎರಡೂ ಇದರಿಂದಲೇ ಇತ್ಯರ್ಥವಾದವು, ಗಡಿಯೂ 61ರಿಂದ 43ಕ್ಕೆ ಇಳಿಯಿತು.

2019ರಲ್ಲಿ ಲೂಕಾ ಒಕಾನಿಷಿ 23ನ್ನು ಕಂಡುಹಿಡಿದರು. ಅದಕ್ಕೆ ಇಟ್ಟ ಹೆಸರು ‘ಡೇವಿಡ್ ಹಿಲ್ಬರ್ಟ್’. ಗಣಿತದ ಇತಿಹಾಸ ಬಲ್ಲವರಿಗೆ ಕಾರಣ ಹೊಳೆದಿರಬಹುದು: 1900ರಲ್ಲಿ ಹಿಲ್ಬರ್ಟ್ ಹೊಸ ಶತಮಾನದ ಮುಂದಿಟ್ಟ ಸಮಸ್ಯೆಗಳು ಇಪ್ಪತ್ತಮೂರು. 38 ಕೂಡ ಡೇವಿಡ್ ರೌಚಿ ಅವರ ಕೈಗೆ ಸಿಕ್ಕಿತು. ತಮಾಷೆಯೆಂದರೆ 38 ಸಿಕ್ಕಾಗ ಅದರ ಅರ್ಧವಾದ 19 ಇನ್ನೂ ಸಿಕ್ಕಿರಲಿಲ್ಲ.

ಹೀಗೆ ಉಳಿದದ್ದು ಎರಡು. ಈ ಹೊತ್ತಿಗೆ ಹುಡುಕಾಟದ ರೀತಿಯೂ ಬದಲಾಗಿತ್ತು. ಯಾವುದೋ ಒಂದು ಚಂಚಲ ಆಕೃತಿಯನ್ನು ಆರಿಸಿ, ಅದರ ಸುತ್ತ ವೇಗವರ್ಧಕಗಳನ್ನು ಎಲ್ಲಿಟ್ಟರೆ ಅದು ಒಡೆದುಹೋಗದೆ, ತಳ್ಳಿಸಿಕೊಂಡು ತಿವಿಸಿಕೊಂಡು, ಬೇಕಾದಷ್ಟೇ ತಲೆಮಾರುಗಳಲ್ಲಿ ತನ್ನ ಮೊದಲ ರೂಪಕ್ಕೆ ಬಂದೀತು ಎಂದು ಯಂತ್ರ ಪರೀಕ್ಷಿಸುತ್ತದೆ. ನಮ್ಮ ಕಡೆ ಬುಗುರಿಗೆ ಚಾಟಿಯ ಏಟು ಕೊಟ್ಟು ಬೀಳದಂತೆ ಆಡಿಸುವವರಿದ್ದರಲ್ಲ, ಹೆಚ್ಚುಕಡಿಮೆ ಹಾಗೆ. ಏಟು ಒಂದು ತಲೆಮಾರು ಹಿಂದೆಮುಂದಾದರೂ ಎಲ್ಲ ಚದುರಿಹೋಗುತ್ತದೆ. ಮಿಚೆಲ್ ರೈಲಿ ಅವರು ಈ ಬಗೆಯ ಹುಡುಕಾಟಕ್ಕೆ ಉತ್ತಮ ಉಪಕರಣಗಳನ್ನು ರಚಿಸಿದರು. 2023ರ ಜುಲೈಯಲ್ಲಿ 19 ಅವರಿಗೆ ದಕ್ಕಿತು. ಅದೇ ತಿಂಗಳು ನಿಕೊ ಬ್ರೌನ್ ಅವರು 41ನ್ನು ಹಿಡಿದರು.

19ಕ್ಕೆ ಬಂದ ಹೆಸರು ‘ಕ್ರಿಬೇಜ್’. ಇದು ಇಂಗ್ಲೆಂಡಿನ ಹಳೆಯ ಇಸ್ಪೀಟು ಆಟವೊಂದರ ಹೆಸರು. ಆ ಆಟದಲ್ಲಿ ಒಂದು ಕೈ ಎಲೆಗಳಿಗೆ ಬರಬಹುದಾದ ಅಂಕಗಳ ಪಟ್ಟಿಯಲ್ಲಿ 19 ಇಲ್ಲವೇ ಇಲ್ಲ. ಯಾವ ಎಲೆಗಳು ಬಂದರೂ 19 ಅಂಕ ಅಸಾಧ್ಯ. ಆದುದರಿಂದ ಏನೂ ಬಾರದ ಕೈಯನ್ನು ಆಟಗಾರರು ಹಾಸ್ಯಕ್ಕೆ ‘ಹತ್ತೊಂಬತ್ತು’ ಎನ್ನುತ್ತಾರೆ. ಅಸಾಧ್ಯವೆಂದು ಕಾಣುತ್ತಿದ್ದ ಹತ್ತೊಂಬತ್ತಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನಾವುದಿದ್ದೀತು! 41ಕ್ಕೆ ಅಂಥ ಅಲಂಕಾರವಿಲ್ಲ. 204 ಜೀವಂತ ಮನೆಗಳ, ಆವರ್ತ 41ರ ಆಕೃತಿ ಎಂಬರ್ಥದಲ್ಲಿ ಅದನ್ನು ‘204ಪಿ41’ ಎಂದೇ ಕರೆಯುತ್ತಾರೆ.

ಇದರಿಂದ ಪ್ರಯೋಜನವೇನೆಂದು ಕೇಳುವವರಿದ್ದಾರೆ. ನೇರವಾಗಿ ಏನೂ ಇಲ್ಲ. ಇಲ್ಲದ ಪ್ರಯೋಜನವನ್ನು ಕಲ್ಪಿಸಿ ಹೇಳುವುದು ನನಗೆ ಸರಿಬೀಳದು. ಆದರೆ ಸರ್ವಾವರ್ತಿಯಾಗಿರಲೇಬೇಕೆಂಬ ಹಂಗು ಈ ಎರಡು ನಿಯಮಗಳಿಗೆ ಇರಲಿಲ್ಲವೆಂಬುದನ್ನು ಗಮನಿಸಬೇಕು. 19 ಸಾಧ್ಯವೇ ಇಲ್ಲವೆಂದು ತೀರ್ಮಾನವಾಗಿದ್ದರೂ ನಾವು ಸುಮ್ಮನೆ ಒಪ್ಪಿಕೊಳ್ಳಬೇಕಾಗಿತ್ತು. ಇಲ್ಲವೆಂಬ ಸಾಧನೆಯೂ ಇಲ್ಲದೆ, ಇದೆಯೆಂಬ ಭರವಸೆಯೂ ಇಲ್ಲದೆ ಅಷ್ಟು ವರ್ಷ ಹುಡುಕಿದರು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಇದೆಯೆಂದು ಗೊತ್ತಿರುವುದನ್ನು ಹುಡುಕುವುದು ಪಠ್ಯಪುಸ್ತಕದ ಕೊನೆಯ ಪುಟದಲ್ಲಿ ಉತ್ತರವಿರುವ ಲೆಕ್ಕ ಮಾಡಿದಂತೆ.

2023ರ ಡಿಸೆಂಬರಿನಲ್ಲಿ ಬ್ರೌನ್, ರೈಲಿ, ರೌಚಿ, ಮೆರ್ಜೆನಿಚ್ ಸೇರಿ ಏಳು ಮಂದಿ ಜೀವದಾಟ ಸರ್ವಾವರ್ತಿ ಎಂಬ ಪ್ರಬಂಧವನ್ನು ಹೊರತಂದರು. ಅದರಲ್ಲಿ ಸಾಧನೆಯ ಜೊತೆಗೆ ಹುಡುಕಾಟದ ಇತಿಹಾಸವನ್ನೂ ವಿವರವಾಗಿ ದಾಖಲಿಸಿದ್ದಾರೆ. ಓದಬೇಕಾಗಿದ್ದ ಮೊದಲಿಗರು ಯಾರೂ ಇರಲಿಲ್ಲ. ಗಾರ್ಡ್ನರ್ 2010ರಲ್ಲಿ, ನಾರ್ಟನ್ 2019ರಲ್ಲಿ ತೀರಿಕೊಂಡರು. 2020ರ ಮಾರ್ಚಿಯಲ್ಲಿ ರಿಚರ್ಡ್ ಗೈ ತಮ್ಮ 103ನೆಯ ವಯಸ್ಸಿನಲ್ಲಿ ಹೋದರು. ಮರುತಿಂಗಳು, ಏಪ್ರಿಲ್ 11ರಂದು, ಕಾನ್ವೇ ಅಮೆರಿಕದ ನ್ಯೂಜೆರ್ಸಿಯಲ್ಲಿ ಕೋವಿಡ್‌ಗೆ ಬಲಿಯಾದರು. ತಮ್ಮ ಗಂಭೀರ ಗಣಿತವನ್ನೆಲ್ಲ ಈ ಆಟದ ಕೀರ್ತಿ ಮುಚ್ಚಿಹಾಕಿತೆಂಬ ಅಸಮಾಧಾನ ಅವರಿಗೆ ಬಹುಕಾಲ ಇತ್ತು. ಹುಡುಕುವವರಂತೂ ನಿಂತಿಲ್ಲ. ಸಿಕ್ಕಿರುವ ಆವರ್ತಗಳಿಗೇ ಇನ್ನಷ್ಟು ಕಡಿಮೆ ಬೀಜಗಳ ಆಂದೋಲಕಗಳುಂಟೇ ಎಂಬುದು ಈಗ ಅವರ ಮುಂದಿರುವ ಲೆಕ್ಕಗಳಲ್ಲೊಂದು.